ಹಣದ ಪೂರೈಕೆ ಜಿಡಿಪಿಯ ಎರಡು ಪಟ್ಟಿದ್ದರೆ ಅದು ಅತಿಯಾಯಿತೇ?

ಪ್ರಶ್ನೆ: ಚೀನಾದ ಹಣದ ಪೂರೈಕೆ ಆ ದೇಶದ ಜಿಡಿಪಿಯ ಎರಡು ಪಟ್ಟಿಗಿಂತ ಹೆಚ್ಚಿದೆ, ಅಮೆರಿಕದ್ದು ಮುಕ್ಕಾಲು ಪಾಲಿನ ಆಸುಪಾಸಿನಲ್ಲಿದೆ ಎಂದು ಓದಿದೆ. ಹಾಗಾದರೆ ಚೀನಾ ತನ್ನಲ್ಲಿ ತಯಾರಾಗುವ ಸರಕಿಗಿಂತ ಎರಡು ಪಟ್ಟು ನೋಟು ಮುದ್ರಿಸಿದೆ ಎಂದೇ ಅರ್ಥವಲ್ಲವೇ? ಅಷ್ಟು ಹಣವಿದ್ದೂ ಅಲ್ಲಿ ಬೆಲೆಗಳೇಕೆ ಏರುತ್ತಿಲ್ಲ? ಒಂದು ದೇಶಕ್ಕೆ ಇಂತಿಷ್ಟು ಹಣ ಸಾಕು ಎಂಬ ಪ್ರಮಾಣ ಯಾವುದಾದರೂ ಇದೆಯೇ?

ಉತ್ತರ: ನೀವು ಓದಿದ ಅಂಕಿಗಳು ಸರಿಯಾಗಿಯೇ ಇವೆ. ಅವುಗಳಿಂದ ತೆಗೆದ ತೀರ್ಮಾನ ಮಾತ್ರ ಸರಿಯಲ್ಲ. 2023ರ ಕೊನೆಯಲ್ಲಿ ಚೀನಾದ ಎಂ2 ಎಂಬ ಲೆಕ್ಕ, ಅಂದರೆ ಸ್ಥೂಲವಾಗಿ ನಗದು ಮತ್ತು ಬ್ಯಾಂಕ್ ಠೇವಣಿಗಳ ಮೊತ್ತ, ಸುಮಾರು 292 ಲಕ್ಷ ಕೋಟಿ ಯುವಾನ್ ಇತ್ತು. ಆ ವರ್ಷದ ಜಿಡಿಪಿ ಮೊದಲು ಪ್ರಕಟವಾದ ಅಂದಾಜಿನಂತೆ 126 ಲಕ್ಷ ಕೋಟಿ ಯುವಾನ್. ಅಂದರೆ ಅನುಪಾತ ಶೇ. 230ರಷ್ಟಾಯಿತು. ಅದೇ ಹೊತ್ತಿಗೆ ಅಮೆರಿಕದ ಎಂ2 ಸುಮಾರು 20.7 ಲಕ್ಷ ಕೋಟಿ ಡಾಲರ್, ಜಿಡಿಪಿ ಸುಮಾರು 27.7 ಲಕ್ಷ ಕೋಟಿ ಡಾಲರ್, ಅನುಪಾತ ಶೇ. 75. ಇವೆರಡನ್ನು ಅಕ್ಕಪಕ್ಕ ಇಟ್ಟು ನೋಡಿದವರಿಗೆ ಚೀನಾದ ಮುದ್ರಣಾಲಯ ಹಗಲಿರುಳು ಓಡುತ್ತಿದೆ ಎಂದು ತೋರುವುದು ಸಹಜ. ಆದರೆ ಈ ಅನುಪಾತ ನೋಟು ಮುದ್ರಣದ ಅಳತೆಯೇ ಅಲ್ಲ. ಒಂದು ದೇಶದ ಜನರೂ ಉದ್ಯಮಗಳೂ ತಮ್ಮ ಸಂಪತ್ತಿನಲ್ಲಿ ಎಷ್ಟು ಪಾಲನ್ನು ನಗದು ಮತ್ತು ಬ್ಯಾಂಕ್ ಠೇವಣಿಯ ರೂಪದಲ್ಲಿ ಇಟ್ಟುಕೊಳ್ಳಲು ಒಪ್ಪಿದ್ದಾರೆ ಎಂಬುದನ್ನು ಅದು ಅಳೆಯುತ್ತದೆ. ಈ ಒಂದು ಮಾತು ಮನಸ್ಸಿಗೆ ಹತ್ತಿದರೆ ನಿಮ್ಮ ಮೂರೂ ಪ್ರಶ್ನೆಗಳ ಗಂಟು ಬಹುಮಟ್ಟಿಗೆ ಸಡಿಲಗೊಳ್ಳುತ್ತದೆ.

ಮೊದಲು ಎರಡು ಅಂಕಿಗಳ ಸ್ವಭಾವವನ್ನು ನೋಡೋಣ. ಹಣದ ಪೂರೈಕೆ ಒಂದು ನಿರ್ದಿಷ್ಟ ದಿನ ಇರುವ ದಾಸ್ತಾನು. ಜಿಡಿಪಿ ಒಂದು ವರ್ಷದುದ್ದಕ್ಕೂ ನಡೆದ ಉತ್ಪಾದನೆಯ ಹರಿವು. ಮೊದಲನೆಯದು ಕೆರೆಯಲ್ಲಿ ಇಂದು ನಿಂತಿರುವ ನೀರು, ಎರಡನೆಯದು ವರ್ಷಪೂರ್ತಿ ತೂಬಿನಿಂದ ಹರಿದು ಹೋದ ನೀರು. ಕೆರೆಯ ನೀರು ಹರಿವಿನ ಎರಡು ಪಟ್ಟಿದೆ ಎಂದ ಮಾತ್ರಕ್ಕೆ ಕೆರೆ ಕೋಡಿ ಬಿದ್ದಿದೆ ಎಂದಾಗುವುದಿಲ್ಲ. ಆದ್ದರಿಂದ ಈ ಅನುಪಾತ ಶೇ. 100ನ್ನು ದಾಟುವುದರಲ್ಲಿ ಯಾವ ವಿಶೇಷವೂ ಇಲ್ಲ. ನೂರು ಎಂಬುದು ಇಲ್ಲಿ ಗಡಿಗೆರೆಯಲ್ಲ. ಜಿಡಿಪಿಯನ್ನು ವರ್ಷಕ್ಕೆ ಬದಲು ತಿಂಗಳಿಗೆ ಲೆಕ್ಕ ಹಾಕುವ ಪದ್ಧತಿ ಇದ್ದಿದ್ದರೆ ಅಮೆರಿಕದ ಅನುಪಾತವೂ ಶೇ. 900 ಎಂದು ಬರುತ್ತಿತ್ತು, ಆಗ ಯಾರೂ ಗಾಬರಿಗೊಳ್ಳುತ್ತಿರಲಿಲ್ಲ.

ಜೊತೆಗೆ ಜಿಡಿಪಿಯಲ್ಲಿ ಸೇರುವುದು ಆ ವರ್ಷ ಹೊಸದಾಗಿ ಉತ್ಪಾದನೆಯಾದ ಅಂತಿಮ ಸರಕು ಮತ್ತು ಸೇವೆ ಮಾತ್ರ. ಹಳೆಯ ಮನೆಯ ಮಾರಾಟ, ಷೇರುಗಳ ಕೊಡುಕೊಳ್ಳುವಿಕೆ, ಒಂದು ಕಾರ್ಖಾನೆ ಇನ್ನೊಂದರಿಂದ ಕೊಳ್ಳುವ ಕಚ್ಚಾವಸ್ತು ಇವೆಲ್ಲ ಹಣದಿಂದಲೇ ನಡೆಯುವ ವ್ಯವಹಾರಗಳಾದರೂ ಅವುಗಳ ಪೂರ್ಣ ಮೌಲ್ಯ ಜಿಡಿಪಿಯಲ್ಲಿ ಕಾಣಿಸುವುದಿಲ್ಲ. ಹಣಕ್ಕೆ ಜಿಡಿಪಿಯಾಚೆಗೂ ಬಹಳ ಕೆಲಸವಿದೆ.

ಇನ್ನು ಈ ಅನುಪಾತದ ಅಂಶದ, ಅಂದರೆ ಮೇಲಿನ ಸಂಖ್ಯೆಯ, ಜಾಗದಲ್ಲಿ ನಿಲ್ಲುವ ‘ಹಣ’ ಯಾವುದು? ಇದು ಕೇಳಿದಷ್ಟು ಸುಲಭವಲ್ಲ. ಜನರ ಕೈಯಲ್ಲಿರುವ ನೋಟು ಮತ್ತು ನಾಣ್ಯ, ಬೇಡಿದ ಕೂಡಲೇ ಸಿಗುವ ಚಾಲ್ತಿ ಖಾತೆಯ ಹಣ, ಉಳಿತಾಯ ಖಾತೆ, ಅವಧಿ ಠೇವಣಿ ಎಂದು ಒಂದರ ಮೇಲೊಂದು ಪದರ ಸೇರಿಸುತ್ತ ಹೋದಂತೆ ಎಂ1, ಎಂ2, ಎಂ3 ಎಂಬ ಹೆಸರುಗಳು ಬರುತ್ತವೆ, ಮತ್ತು ಯಾವ ಪದರ ಯಾವ ಹೆಸರಿನೊಳಗೆ ಸೇರಬೇಕೆಂಬುದನ್ನು ಪ್ರತಿಯೊಂದು ಕೇಂದ್ರ ಬ್ಯಾಂಕೂ ತನಗೆ ಸರಿಕಂಡಂತೆ ನಿಶ್ಚಯಿಸಿಕೊಂಡಿದೆ. ಅಮೆರಿಕದ ಎಂ2ನಲ್ಲಿ ಒಂದು ಲಕ್ಷ ಡಾಲರ್ ಹಾಗೂ ಅದಕ್ಕಿಂತ ದೊಡ್ಡ ಅವಧಿ ಠೇವಣಿಗಳು ಸೇರುವುದಿಲ್ಲ. ಅವುಗಳನ್ನೂ ಒಳಗೊಂಡಿದ್ದ ಎಂ3 ಲೆಕ್ಕದ ಪ್ರಕಟಣೆಯನ್ನು ಅಲ್ಲಿನ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2006ರ ಮಾರ್ಚ್‌ನಲ್ಲಿ ನಿಲ್ಲಿಸಿತು. ಚೀನಾದ ಎಂ2ನಲ್ಲಿ ಕಂಪನಿಗಳ ದೊಡ್ಡ ಅವಧಿ ಠೇವಣಿಗಳೂ ಸೇರಿವೆ. ಹೀಗಿರುವಾಗ ಇವೆರಡನ್ನು ನೇರವಾಗಿ ಹೋಲಿಸಿದರೆ ಒಂದು ಮನೆಯ ವಿಸ್ತೀರ್ಣವನ್ನು ಗೋಡೆಗೋಡೆಗಳ ಒಳಗೆ ಅಳೆದು, ಇನ್ನೊಂದನ್ನು ಅಂಗಳವನ್ನೂ ಸೇರಿಸಿ ಅಳೆದಂತಾಗುತ್ತದೆ.

ವ್ಯಾಖ್ಯೆಯ ಆಟ ಎಷ್ಟು ದೊಡ್ಡದು ಎಂಬುದಕ್ಕೆ ಒಂದೇ ನಿದರ್ಶನ ಸಾಕು. 2020ರ ಮೇ ತಿಂಗಳಿನ ಲೆಕ್ಕದಿಂದ ಅಮೆರಿಕದಲ್ಲಿ ಉಳಿತಾಯ ಖಾತೆಯ ಹಣವನ್ನು ಎಂ1ರೊಳಗೆ ಸೇರಿಸಲಾಯಿತು, ಏಕೆಂದರೆ ಆ ಖಾತೆಗಳಿಂದ ತಿಂಗಳಿಗೆ ಇಷ್ಟೇ ಬಾರಿ ಹಣ ವರ್ಗಾಯಿಸಬಹುದೆಂಬ ಮಿತಿಯನ್ನು ಅದಕ್ಕೆ ಸ್ವಲ್ಪ ಮೊದಲು ತೆಗೆದುಹಾಕಲಾಗಿತ್ತು. ಪರಿಣಾಮವಾಗಿ 5 ಲಕ್ಷ ಕೋಟಿ ಡಾಲರಿನ ಆಸುಪಾಸಿನಲ್ಲಿದ್ದ ಎಂ1 ಒಮ್ಮೆಗೇ 16 ಲಕ್ಷ ಕೋಟಿಗೆ ಜಿಗಿಯಿತು. ಯಾರ ಖಾತೆಗೂ ಇದರಿಂದ ಒಂದು ಡಾಲರ್ ಹೆಚ್ಚಾಗಿ ಬರಲಿಲ್ಲ. ಆದರೂ ಗೋಡೆಯಂತೆ ನೆಟ್ಟಗೆ ಎದ್ದ ಆ ನಕ್ಷೆಯ ಗೆರೆಯನ್ನು ತೋರಿಸಿ ‘ಡಾಲರಿನ ಕಥೆ ಮುಗಿಯಿತು’ ಎಂದು ಸಾರುವ ಚಿತ್ರಗಳು ಇಂದಿಗೂ ಕೈಯಿಂದ ಕೈಗೆ ಹರಿದಾಡುತ್ತಿವೆ. ಚೀನಾ ಕೂಡ 2018ರ ಜನವರಿಯಲ್ಲಿ ತನ್ನ ಎಂ2ರ ವ್ಯಾಖ್ಯೆಯನ್ನೂ, 2025ರ ಜನವರಿಯಿಂದ ಎಂ1ರ ವ್ಯಾಖ್ಯೆಯನ್ನೂ ಪರಿಷ್ಕರಿಸಿದೆ. ಆದ್ದರಿಂದ ಯಾವುದೇ ದೇಶದ ಅನುಪಾತವನ್ನು ಓದುವ ಮುಂಚೆ ಅದು ಯಾವ ‘ಎಂ’ ಎಂದು ವಿಚಾರಿಸುವುದು ಮೊದಲ ಕೆಲಸ. ಈ ಉತ್ತರದ ಉಳಿದ ಭಾಗದಲ್ಲಿ ‘ವಿಶಾಲ ಹಣ’ ಎಂದರೆ ನಗದು ಮತ್ತು ಎಲ್ಲ ಬಗೆಯ ಬ್ಯಾಂಕ್ ಠೇವಣಿಗಳ ಮೊತ್ತ ಎಂದು ಸ್ಥೂಲವಾಗಿ ಇಟ್ಟುಕೊಳ್ಳೋಣ.

ಈ ಮೊತ್ತದಲ್ಲಿ ನೋಟಿನ ಪಾಲು ಸಣ್ಣದು. ಬ್ಯಾಂಕ್ ಆಫ್ ಇಂಗ್ಲೆಂಡ್ 2014ರಲ್ಲಿ ಪ್ರಕಟಿಸಿದ ವಿವರಣೆಯ ಪ್ರಕಾರ ಬ್ರಿಟನ್ನಿನಲ್ಲಿ ಜನರ ಬಳಿಯಿರುವ ವಿಶಾಲ ಹಣದ ಶೇ. 97ರಷ್ಟು ವಾಣಿಜ್ಯ ಬ್ಯಾಂಕುಗಳಲ್ಲಿರುವ ಠೇವಣಿಯೇ ಆಗಿತ್ತು. ಈ ಠೇವಣಿಗಳನ್ನು ಯಾವ ಮುದ್ರಣಾಲಯವೂ ಹುಟ್ಟಿಸುವುದಿಲ್ಲ; ಬಹುಪಾಲು ಅವು ಹುಟ್ಟುವುದು ಬ್ಯಾಂಕ್ ಸಾಲ ಕೊಟ್ಟಾಗ. ಈ ಪ್ರಕ್ರಿಯೆಯನ್ನು ಹತ್ತಿರದಿಂದ ನೋಡೋಣ. ಒಂದು ಬ್ಯಾಂಕ್ ಒಂದು ಉದ್ಯಮಕ್ಕೆ 100 ಘಟಕ ಸಾಲ ಮಂಜೂರು ಮಾಡುತ್ತದೆ. ಆ ಕ್ಷಣದಲ್ಲಿ ಬ್ಯಾಂಕಿನ ಲೆಕ್ಕಪುಸ್ತಕದ ಆಸ್ತಿಯ ಬದಿಯಲ್ಲಿ ‘ಉದ್ಯಮದಿಂದ ಬರಬೇಕಾದ ಸಾಲ 100’ ಎಂದು ಬರೆಯಲಾಗುತ್ತದೆ. ಹೊಣೆಗಾರಿಕೆಯ ಬದಿಯಲ್ಲಿ ‘ಉದ್ಯಮದ ಖಾತೆಗೆ ಜಮಾ 100’ ಎಂದು ಬರೆಯಲಾಗುತ್ತದೆ. ಬೇರೆ ಯಾವ ಠೇವಣಿದಾರನ ಖಾತೆಯಿಂದಲೂ ಆ 100ನ್ನು ಕಳೆದಿಲ್ಲ. ಬೆಳಿಗ್ಗೆ ಇಲ್ಲದ 100 ಘಟಕ ಹಣ ಮಧ್ಯಾಹ್ನ ಇದೆ. ಉದ್ಯಮ ಅದನ್ನು ಯಂತ್ರದವರಿಗೂ ಕೆಲಸಗಾರರಿಗೂ ಪಾವತಿ ಮಾಡಿದಾಗ ಅದು ಅವರವರ ಖಾತೆಗಳಿಗೆ ಹಂಚಿಹೋಗುತ್ತದೆಯೇ ಹೊರತು ಕರಗುವುದಿಲ್ಲ. ಸಾಲದ ಅಸಲು ಮರುಪಾವತಿಯಾದ ದಿನ ಮಾತ್ರ ಎರಡೂ ಬದಿಯ ನಮೂದುಗಳು ಅಳಿಸಿ ಹೋಗಿ ಅಷ್ಟು ಹಣ ಇಲ್ಲವಾಗುತ್ತದೆ. ಬ್ಯಾಂಕಿಗೆ ಇದು ಎಣೆಯಿಲ್ಲದ ಅಧಿಕಾರವೇನಲ್ಲ: ಅದರ ಬಂಡವಾಳ, ಸಾಲ ಮುಳುಗುವ ಭಯ, ಕೇಂದ್ರ ಬ್ಯಾಂಕಿನ ಬಡ್ಡಿದರ, ಎಲ್ಲಕ್ಕಿಂತ ಮಿಗಿಲಾಗಿ ಸಾಲ ಕೇಳಿಕೊಂಡು ಬರುವ ಯೋಗ್ಯ ಗಿರಾಕಿಗಳ ಸಂಖ್ಯೆ, ಇವೆಲ್ಲ ಕೈ ಹಿಡಿದು ನಿಲ್ಲಿಸುತ್ತವೆ.

ಈಗ ಚೀನಾ ಮತ್ತು ಅಮೆರಿಕದ ವ್ಯತ್ಯಾಸಕ್ಕೆ ಬರಬಹುದು. ಮೇಲಿನ ಉದ್ಯಮಕ್ಕೆ ಅದೇ 100 ಘಟಕ ಬೇಕಾಗಿದೆ, ಆದರೆ ಅದು ಬ್ಯಾಂಕಿಗೆ ಹೋಗದೆ ಬಾಂಡ್, ಅಂದರೆ ಸಾಲಪತ್ರ, ಹೊರಡಿಸುತ್ತದೆ ಎಂದುಕೊಳ್ಳಿ. ಖಾತೆಯಲ್ಲಿ ಆಗಲೇ 100 ಇಟ್ಟುಕೊಂಡಿದ್ದ ಒಂದು ಕುಟುಂಬ ಆ ಬಾಂಡನ್ನು ಕೊಳ್ಳುತ್ತದೆ. ಕುಟುಂಬದ ಠೇವಣಿ ಉದ್ಯಮದ ಖಾತೆಗೆ, ಅಲ್ಲಿಂದ ಕೆಲಸಗಾರರ ಖಾತೆಗೆ ಸರಿಯುತ್ತದೆ. ಒಟ್ಟು ಹಣ ಎಷ್ಟಿತ್ತೋ ಅಷ್ಟೇ ಉಳಿಯುತ್ತದೆ. ಕುಟುಂಬದ ಬಳಿ ಈಗ ಠೇವಣಿಯ ಬದಲು ಬಾಂಡ್ ಇದೆ, ಮತ್ತು ಬಾಂಡ್ ಹಣದ ಲೆಕ್ಕಕ್ಕೆ ಸೇರುವುದಿಲ್ಲ. ಎರಡೂ ಸಂದರ್ಭಗಳಲ್ಲಿ ನಿಂತ ಕಾರ್ಖಾನೆ ಒಂದೇ, ಜಿಡಿಪಿಗೆ ಸೇರಿದ ಮೌಲ್ಯ ಒಂದೇ. ಮೊದಲನೆಯದರಲ್ಲಿ ಹಣದ ಪೂರೈಕೆ 100 ಘಟಕ ಏರಿತು, ಎರಡನೆಯದರಲ್ಲಿ ಏನೂ ಏರಲಿಲ್ಲ. ಈ ಒಂದು ವ್ಯತ್ಯಾಸ ಮೂವತ್ತು ನಲವತ್ತು ವರ್ಷ ಬೆಳೆಯುತ್ತ ಹೋದರೆ ಒಂದು ದೇಶ ಶೇ. 75ರಲ್ಲೂ ಇನ್ನೊಂದು ಶೇ. 230ರಲ್ಲೂ ಬಂದು ನಿಲ್ಲುವುದರಲ್ಲಿ ಆಶ್ಚರ್ಯವಿಲ್ಲ.

ಅಮೆರಿಕದ ಕುಟುಂಬಗಳ ಉಳಿತಾಯ ಬಹುಮಟ್ಟಿಗೆ ಷೇರು, ಮ್ಯೂಚುವಲ್ ಫಂಡ್, ಪಿಂಚಣಿ ನಿಧಿ ಮತ್ತು ಬಾಂಡುಗಳಲ್ಲಿದೆ. ಅಲ್ಲಿನ ದೊಡ್ಡ ಕಂಪನಿಗಳು ಬಂಡವಾಳಕ್ಕೆ ಮಾರುಕಟ್ಟೆಯತ್ತ ಮುಖ ಮಾಡುತ್ತವೆ. ಚೀನಾದಲ್ಲಿ ಉದ್ಯಮ ಸಾಲದ ಹೆಬ್ಬಾಗಿಲು ಬ್ಯಾಂಕ್. ಅಲ್ಲಿ ಇಡೀ ದೇಶದ ಉಳಿತಾಯ ಜಿಡಿಪಿಯ ಶೇ. 40ಕ್ಕಿಂತ ಹೆಚ್ಚಿದೆ, ಹಣ ಹೊರದೇಶಕ್ಕೆ ಹೋಗುವುದಕ್ಕೆ ನಿರ್ಬಂಧವಿದೆ, ಮನೆ ಮತ್ತು ಬ್ಯಾಂಕ್ ಠೇವಣಿ ಬಿಟ್ಟರೆ ಸಾಮಾನ್ಯ ಕುಟುಂಬ ನೆಚ್ಚಿಕೊಳ್ಳಬಹುದಾದ ದಾರಿಗಳು ಕಡಿಮೆ. ಇದರ ಮೇಲೆ 2000ದ ದಶಕದಲ್ಲಿ ಹರಿದುಬಂದ ಡಾಲರುಗಳನ್ನು ಕೇಂದ್ರ ಬ್ಯಾಂಕ್ ಕೊಳ್ಳುತ್ತ ಹೋಗಿದ್ದರಿಂದ ಪ್ರತಿ ಡಾಲರಿಗೆ ಎದುರಾಗಿ ಯುವಾನ್ ಠೇವಣಿ ಹುಟ್ಟಿತು. 2014ರ ಮಧ್ಯಭಾಗದಲ್ಲಿ ಅಲ್ಲಿನ ವಿದೇಶಿ ವಿನಿಮಯ ಸಂಗ್ರಹ 4 ಲಕ್ಷ ಕೋಟಿ ಡಾಲರಿನ ಹತ್ತಿರ ತಲುಪಿತ್ತು. 2008ರ ಜಾಗತಿಕ ಬಿಕ್ಕಟ್ಟಿನ ನಂತರ ಘೋಷಿಸಿದ 4 ಲಕ್ಷ ಕೋಟಿ ಯುವಾನ್ ಉತ್ತೇಜನ ಕಾರ್ಯಕ್ರಮದ ಬಹುಪಾಲು ಹೊರೆಯನ್ನೂ ಬ್ಯಾಂಕ್ ಸಾಲವೇ ಹೊತ್ತಿತು.

ಹಾಗಾದರೆ ಬೆಲೆ ಏಕೆ ಏರುವುದಿಲ್ಲ ಎಂಬ ಎರಡನೆಯ ಪ್ರಶ್ನೆ. ಇದಕ್ಕೆ ಉತ್ತರ ಹಣ ಎಷ್ಟಿದೆ ಎಂಬುದರಲ್ಲಿಲ್ಲ, ಅದು ಕೈಯಿಂದ ಕೈಗೆ ಎಷ್ಟು ಸಲ ದಾಟುತ್ತದೆ ಎಂಬುದರಲ್ಲಿದೆ. ಅರ್ಥಶಾಸ್ತ್ರಜ್ಞ ಅರ್ವಿಂಗ್ ಫಿಷರ್ 1911ರಲ್ಲಿ ಪ್ರಚಾರಕ್ಕೆ ತಂದ ಸಮೀಕರಣವನ್ನು ಇಂದು ಬಳಸುವ ರೂಪದಲ್ಲಿ ಹೇಳುವುದಾದರೆ, ಹಣದ ಮೊತ್ತವನ್ನು ಅದರ ಚಲಾವಣೆಯ ವೇಗದಿಂದ ಗುಣಿಸಿದರೆ ಬೆಲೆಯ ಮಟ್ಟವನ್ನು ಉತ್ಪಾದನೆಯಿಂದ ಗುಣಿಸಿದಷ್ಟೇ ಬರುತ್ತದೆ. ಬೆಲೆ ಗುಣಿಸು ಉತ್ಪಾದನೆ ಎಂದರೆ ಚಾಲ್ತಿ ಬೆಲೆಯಲ್ಲಿನ ಜಿಡಿಪಿ. ಆದ್ದರಿಂದ ನೀವು ಕೇಳುತ್ತಿರುವ ಅನುಪಾತ ಚಲಾವಣೆಯ ವೇಗವನ್ನು ತಲೆಕೆಳಗು ಮಾಡಿದ ಅಂಕಿ, ಅಷ್ಟೆ: ಅನುಪಾತ ಶೇ. 200 ಎಂದರೆ ಒಂದು ಘಟಕ ಹಣ ವರ್ಷಕ್ಕೆ ಅರ್ಧ ಘಟಕದ ಉತ್ಪಾದನೆಗೆ ಮಾತ್ರ ದುಡಿಯಿತು ಎಂದರ್ಥ. ಕೇಂಬ್ರಿಡ್ಜಿನಲ್ಲಿ ಆಲ್‌ಫ್ರೆಡ್ ಮಾರ್ಷಲ್ ಮತ್ತು ಅವರ ಶಿಷ್ಯ ಪಿಗೂ ಇದನ್ನೇ ಇನ್ನೊಂದು ಬದಿಯಿಂದ ನೋಡಿದರು. ಹಣ ಎಷ್ಟು ಬೇಗ ಓಡುತ್ತದೆ ಎಂದು ಕೇಳುವ ಬದಲು, ಜನ ತಮ್ಮ ವರಮಾನದ ಎಷ್ಟು ಭಾಗವನ್ನು ಹಣವಾಗಿಯೇ ಹಿಡಿದಿಟ್ಟುಕೊಳ್ಳಲು ಬಯಸುತ್ತಾರೆ ಎಂದು ಅವರು ಕೇಳಿದರು. ನನ್ನ ಅಭಿಪ್ರಾಯದಲ್ಲಿ ಈ ಎರಡನೆಯ ನೋಟವೇ ಹೆಚ್ಚು ಬೆಳಕು ಚೆಲ್ಲುತ್ತದೆ, ಏಕೆಂದರೆ ಹಣಕ್ಕೆ ತನ್ನದೇ ಆದ ಓಟವಿಲ್ಲ. ಹಿಡಿಯುವುದೂ ಬಿಡುವುದೂ ಮನುಷ್ಯರ ನಿರ್ಧಾರ. ನಿವೃತ್ತಿಗೆಂದು ಹತ್ತು ವರ್ಷ ಅವಧಿ ಠೇವಣಿಯಲ್ಲಿ ಮಲಗಿರುವ ಮೊತ್ತ ಲೆಕ್ಕದಲ್ಲಿ ಹಣವೇ ಆದರೂ ಅದು ಯಾವ ಸರಕಿನ ಬೆಲೆಯನ್ನೂ ಎತ್ತುತ್ತಿಲ್ಲ.

ಜಪಾನ್ ಇದಕ್ಕೆ ಎಲ್ಲರೂ ಕೊಡುವ ಉದಾಹರಣೆ, ಆದರೆ ಅದರಲ್ಲಿ ಒಂದು ಸೂಕ್ಷ್ಮವನ್ನು ಹಲವರು ಬಿಟ್ಟುಬಿಡುತ್ತಾರೆ. ಅಲ್ಲಿಯೂ ಎಂ2 ಜಿಡಿಪಿಯ ಸುಮಾರು ಎರಡು ಪಟ್ಟಿದೆ. 1990ರ ದಶಕದ ನಂತರ ಸುಮಾರು ಎರಡು ದಶಕಗಳಿಗೂ ಮೀರಿ ಬೆಲೆಗಳು ನಿಂತಲ್ಲೇ ನಿಂತಿದ್ದವು. 2013ರಲ್ಲಿ ಹರುಹಿಕೊ ಕುರೊಡಾ ಬ್ಯಾಂಕ್ ಆಫ್ ಜಪಾನಿನ ಗವರ್ನರ್ ಆದ ಮೇಲೆ ಕೇಂದ್ರ ಬ್ಯಾಂಕ್ ಭಾರಿ ಪ್ರಮಾಣದಲ್ಲಿ ಸರ್ಕಾರಿ ಬಾಂಡುಗಳನ್ನು ಕೊಂಡಿತು. 2012ರ ಕೊನೆಯಲ್ಲಿ ಸುಮಾರು 138 ಲಕ್ಷ ಕೋಟಿ ಯೆನ್ ಇದ್ದ ಮೂಲ ಹಣ, ಅಂದರೆ ನೋಟು ಮತ್ತು ಕೇಂದ್ರ ಬ್ಯಾಂಕಿನಲ್ಲಿ ಉಳಿದ ಬ್ಯಾಂಕುಗಳು ಇಟ್ಟಿರುವ ಮೀಸಲು, 2018ರ ಹೊತ್ತಿಗೆ 500 ಲಕ್ಷ ಕೋಟಿಯನ್ನು ದಾಟಿತು. ಅದೇ ಅವಧಿಯಲ್ಲಿ ಎಂ2 ಏರಿದ್ದು ಶೇ. 25ರಷ್ಟೂ ಅಲ್ಲ. ಕೇಂದ್ರ ಬ್ಯಾಂಕ್ ಹುಟ್ಟಿಸಿದ ಮೀಸಲು ಬ್ಯಾಂಕುಗಳ ಖಾತೆಯಲ್ಲೇ ಉಳಿಯಿತು. ಸಾಲ ಕೇಳುವವರು ಆ ವೇಗದಲ್ಲಿ ಹೆಚ್ಚಲಿಲ್ಲ. ‘ಹಣ ಮುದ್ರಿಸಿದರು’ ಎಂದು ನಾವು ಆಡುವ ಮಾತಿನಲ್ಲಿ ಮೂಲ ಹಣ ಮತ್ತು ವಿಶಾಲ ಹಣ ಬೆರೆತು ಹೋಗಿವೆ, ಅರ್ಧ ಗೊಂದಲ ಅಲ್ಲಿಂದಲೇ ಬರುತ್ತದೆ.

ಇದಕ್ಕೆ ವಿರುದ್ಧ ದಿಕ್ಕಿನಿಂದ ಒಂದು ನಿದರ್ಶನವನ್ನು ಭಾರತ ಒದಗಿಸಿದೆ. 2016ರ ನವೆಂಬರ್ 8ರಂದು ಚಲಾವಣೆಯಲ್ಲಿದ್ದ ನೋಟುಗಳಲ್ಲಿ ಮೌಲ್ಯದ ಲೆಕ್ಕದಲ್ಲಿ ಸುಮಾರು ಶೇ. 86ರಷ್ಟನ್ನು ರದ್ದುಪಡಿಸಲಾಯಿತು. ಜಿಡಿಪಿಗೆ ಹೋಲಿಸಿದರೆ ಶೇ. 12ರಷ್ಟಿದ್ದ ನಗದು 2017ರ ಮಾರ್ಚ್ ವೇಳೆಗೆ ಶೇ. 9ಕ್ಕಿಂತ ಕೆಳಗಿಳಿಯಿತು. ಆದರೆ ನಗದು ಮತ್ತು ಠೇವಣಿ ಎರಡನ್ನೂ ಒಳಗೊಂಡ ಎಂ3 ಆ ಪ್ರಮಾಣದಲ್ಲಿ ಕುಗ್ಗಲಿಲ್ಲ, ಏಕೆಂದರೆ ಬ್ಯಾಂಕಿಗೆ ಮರಳಿದ ನೋಟು ಠೇವಣಿಯ ವೇಷ ತೊಟ್ಟಿತು. ಹಣದ ಪ್ರಮಾಣಕ್ಕಿಂತ ಅದರ ರೂಪ ಬದಲಾಯಿತು. ವ್ಯಾಪಾರಕ್ಕೆ ಬಿದ್ದ ಪೆಟ್ಟು ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಪೆಟ್ಟು ವಿಶಾಲ ಹಣ ಮತ್ತು ಜಿಡಿಪಿಯ ಅನುಪಾತದಲ್ಲಿ ಕಾಣಿಸುವ ಬಗೆಯದಲ್ಲ, ಅಷ್ಟೆ.

ಈಗ ಬಹುಶಃ ನಿಮಗೆ ಅತ್ಯಂತ ವಿಚಿತ್ರವೆನಿಸಬಹುದಾದ ಸಂಗತಿ. ನಿಜವಾಗಿಯೂ ಮಿತಿ ಮೀರಿ ನೋಟು ಮುದ್ರಿಸಿದ ದೇಶಗಳಲ್ಲಿ ಈ ಅನುಪಾತ ಮೇಲೇರಿಲ್ಲ, ನೆಲಕಚ್ಚಿದೆ. ಜರ್ಮನಿಯಲ್ಲಿ ಮೊದಲನೆಯ ಮಹಾಯುದ್ಧಕ್ಕೆ ಮುಂಚೆ ಒಂದು ಡಾಲರಿಗೆ 4.2 ಮಾರ್ಕ್ ಇತ್ತು. 1923ರ ನವೆಂಬರ್‌ನಲ್ಲಿ ಅದು 4.2 ಲಕ್ಷ ಕೋಟಿ ಮಾರ್ಕ್ ಆಯಿತು. ಆದರೆ ಆಗ ಚಲಾವಣೆಯಲ್ಲಿದ್ದ, ಅಲ್ಲಿನ ಕೇಂದ್ರ ಬ್ಯಾಂಕಾದ ರೈಕ್ಸ್‌ಬ್ಯಾಂಕಿನ ಎಲ್ಲ ನೋಟುಗಳನ್ನೂ ಒಟ್ಟುಗೂಡಿಸಿ ಚಿನ್ನದ ಬೆಲೆಯಲ್ಲಿ ಲೆಕ್ಕ ಹಾಕಿದರೆ ಅದು ಯುದ್ಧಪೂರ್ವದ ಚಲಾವಣೆಯ ಹತ್ತನೇ ಒಂದು ಭಾಗಕ್ಕಿಂತಲೂ ಬಹಳ ಕಡಿಮೆ. ಸಂಬಳ ಕೈಗೆ ಬಂದ ಗಳಿಗೆಯಲ್ಲೇ ಅದನ್ನು ಏನಾದರೊಂದು ವಸ್ತುವಿಗೆ ಬದಲಾಯಿಸಿಕೊಳ್ಳಲು ಜನ ಓಡುತ್ತಿದ್ದರು. ಯಾರೂ ಹಿಡಿದಿಟ್ಟುಕೊಳ್ಳಲು ಒಪ್ಪದ ಹಣಕ್ಕೆ ಬೆಲೆಗಳು ಮುದ್ರಣಕ್ಕಿಂತ ವೇಗವಾಗಿ ಏರುತ್ತವೆ, ಹೀಗಾಗಿ ನೋಟು ಎಷ್ಟು ಹೆಚ್ಚಾದರೂ ವ್ಯವಹಾರಕ್ಕೆ ಸಾಲುವುದಿಲ್ಲ. ಆಗಿನ ರೈಕ್ಸ್‌ಬ್ಯಾಂಕ್ ಅಧ್ಯಕ್ಷ ರುಡಾಲ್ಫ್ ಹಾವೆನ್‌ಸ್ಟೈನ್ ಇದನ್ನು ನೋಟಿನ ಅಭಾವವೆಂದೇ ತಿಳಿದು, ಮುದ್ರಣದ ಸಾಮರ್ಥ್ಯವನ್ನು ಇನ್ನಷ್ಟು ಹೆಚ್ಚಿಸುತ್ತ ಹೋದರು. ಅನುಪಾತವನ್ನೇ ನಂಬಿ ಕುಳಿತಿದ್ದರೆ ಅವರ ವಾದವೇ ಸರಿ ಎನ್ನಬೇಕಾಗುತ್ತಿತ್ತು! ಇಂತಹ ಏಳು ಮಹಾ ಹಣದುಬ್ಬರಗಳನ್ನು ಪರಿಶೀಲಿಸಿ ಫಿಲಿಪ್ ಕೇಗನ್ 1956ರಲ್ಲಿ ಬರೆದ ಅಧ್ಯಯನ ತೋರಿಸಿದ್ದೂ ಇದನ್ನೇ: ಬೆಲೆ ಇನ್ನೂ ಏರುತ್ತದೆಂಬ ನಿರೀಕ್ಷೆ ಬಲವಾದಷ್ಟೂ ಜನ ಹಿಡಿದಿಟ್ಟುಕೊಳ್ಳುವ ಹಣದ ನಿಜ ಮೌಲ್ಯ ಕುಗ್ಗುತ್ತದೆ. ಇತ್ತೀಚಿನ ವರ್ಷಗಳ ಅರ್ಜೆಂಟೀನಾ ಅದೇ ಸಾಲಿಗೆ ಸೇರುತ್ತದೆ. 2023ರಲ್ಲಿ ಅಲ್ಲಿನ ಹಣದುಬ್ಬರ ಶೇ. 211; ವಿಶಾಲ ಹಣ ಮಾತ್ರ ಹಲವು ವರ್ಷಗಳಿಂದ ಜಿಡಿಪಿಯ ಕಾಲುಭಾಗದ ಆಸುಪಾಸಿನಲ್ಲಿದೆ. ಅಲ್ಲಿನ ಜನ ಉಳಿತಾಯವನ್ನು ಡಾಲರಿನಲ್ಲಿ ಇಟ್ಟುಕೊಳ್ಳುತ್ತಾರೆ, ಪೆಸೊ ಅವರಿಗೆ ಖರ್ಚಿನ ನಾಣ್ಯ.

ಹಾಗೆಂದು ಹಣದ ಏರಿಕೆಗೂ ಬೆಲೆಗೂ ಸಂಬಂಧವೇ ಇಲ್ಲವೆಂದು ತಿಳಿಯಬಾರದು. ಇತ್ತೀಚಿನ ಅಮೆರಿಕದ ಅನುಭವ ಈ ಸಂಬಂಧವನ್ನು ಚೆನ್ನಾಗಿ ಬಿಡಿಸಿ ತೋರಿಸುತ್ತದೆ. 2020ರ ಫೆಬ್ರವರಿಯಲ್ಲಿ ಎಂ2 ಸುಮಾರು 15.4 ಲಕ್ಷ ಕೋಟಿ ಡಾಲರ್, ಆ ತ್ರೈಮಾಸಿಕದ ಜಿಡಿಪಿ ವಾರ್ಷಿಕ ದರದಲ್ಲಿ 21.7 ಲಕ್ಷ ಕೋಟಿಯ ಹತ್ತಿರ, ಅನುಪಾತ ಶೇ. 71. ನಾಲ್ಕು ತಿಂಗಳ ನಂತರ ಎಂ2 18 ಲಕ್ಷ ಕೋಟಿಯನ್ನು ಮುಟ್ಟಿತ್ತು, ಲಾಕ್‌ಡೌನ್‌ನಿಂದ ಜಿಡಿಪಿ 20 ಲಕ್ಷ ಕೋಟಿಯ ಆಸುಪಾಸಿಗೆ ಇಳಿದಿತ್ತು, ಅನುಪಾತ ಶೇ. 90. ಈ ಜಿಗಿತದಲ್ಲಿ ಎರಡು ಭಿನ್ನ ಕಾರಣಗಳಿವೆ ಎಂಬುದನ್ನು ಗಮನಿಸಿ: ಸರ್ಕಾರ ಮನೆಮನೆಗೆ ಕಳುಹಿಸಿದ ಹಣದಿಂದ ಮತ್ತು ಕೇಂದ್ರ ಬ್ಯಾಂಕಿನ ಬಾಂಡ್ ಖರೀದಿಯಿಂದ ಅಂಶವಾದ ಹಣ ಏರಿತು, ಅಂಗಡಿ ಕಾರ್ಖಾನೆಗಳು ಮುಚ್ಚಿದ್ದರಿಂದ ಛೇದವಾದ ಜಿಡಿಪಿ ಇಳಿಯಿತು. ಮುಂದಿನ ಎರಡು ವರ್ಷ ಜನ ಆ ಹೆಚ್ಚುವರಿ ಹಣವನ್ನು ಖರ್ಚು ಮಾಡತೊಡಗಿದರು, ಸರಕಿನ ಸರಬರಾಜು ಅಷ್ಟರಲ್ಲಿ ಚೇತರಿಸಿಕೊಂಡಿರಲಿಲ್ಲ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ. 9.1ಕ್ಕೆ ಏರಿತು. 2024ರ ಹೊತ್ತಿಗೆ ಅನುಪಾತ ಮತ್ತೆ ಶೇ. 72ರ ಆಸುಪಾಸಿಗೆ ಬಂದಿದೆ. ನೋಡುವವರಿಗೆ ಏನೂ ನಡೆದೇ ಇಲ್ಲ ಎನಿಸಬಹುದು. ಆದರೆ 2022ರ ನಂತರದ ಅಲ್ಪ ಇಳಿಕೆಯನ್ನು ಕಳೆದ ಮೇಲೂ ಎಂ2 ಕೊರೋನಾಪೂರ್ವದ ಮಟ್ಟಕ್ಕಿಂತ ಶೇ. 35ಕ್ಕೂ ಹೆಚ್ಚು ಎತ್ತರದಲ್ಲೇ ಉಳಿಯಿತು. ಅನುಪಾತವನ್ನು ಕೆಳಗಿಳಿಸಿದ್ದು ಮುಖ್ಯವಾಗಿ ಛೇದದ ಏರಿಕೆ. 2019ರಿಂದ 2024ರವರೆಗೆ ಚಾಲ್ತಿ ಬೆಲೆಯ ಜಿಡಿಪಿ ಸುಮಾರು ಶೇ. 36 ಹೆಚ್ಚಿತು, ಅದರಲ್ಲಿ ನಿಜ ಉತ್ಪಾದನೆಯ ಏರಿಕೆ ಮೂರನೇ ಒಂದು ಪಾಲಿನ ಆಸುಪಾಸು, ಉಳಿದದ್ದು ಬೆಲೆಯೇರಿಕೆ. ಅಂದರೆ ಅನುಪಾತ ಹಳೆಯ ಜಾಗಕ್ಕೆ ಮರಳಿದ ದಾರಿಯೇ ಹಣದುಬ್ಬರವಾಗಿತ್ತು.

ಹೀಗಾಗಿ ಒಂದು ದೇಶದ ಅನುಪಾತವನ್ನು ಇನ್ನೊಂದರ ಪಕ್ಕ ಇಡುವುದಕ್ಕಿಂತ ಅದೇ ದೇಶದ ನಿನ್ನೆಯ ಪಕ್ಕ ಇಡುವುದು ಹೆಚ್ಚು ಫಲಕಾರಿ. ಅದನ್ನು ಮಾಡುವಾಗಲೂ ಹಣ ಎಷ್ಟು ಬೆಳೆಯಿತು, ಜಿಡಿಪಿ ಎಷ್ಟು ಬೆಳೆಯಿತು ಎಂದು ಎರಡನ್ನೂ ಬಿಡಿಸಿಯೇ ನೋಡಬೇಕು. ಅನುಪಾತ ಶೇ. 80 ಇರುವಲ್ಲಿ ಹಣ ಶೇ. 12ರಷ್ಟೂ ಚಾಲ್ತಿ ಬೆಲೆಯ ಜಿಡಿಪಿ ಶೇ. 10ರಷ್ಟೂ ಬೆಳೆದರೆ ವರ್ಷಾಂತ್ಯದ ಅನುಪಾತ ಶೇ. 81.5. ಬ್ಯಾಂಕ್ ಸೌಲಭ್ಯ ಹೊಸ ಜನರನ್ನು ತಲುಪುತ್ತಿರುವ ದೇಶದಲ್ಲಿ ಇಂತಹ ನಿಧಾನದ ಏರಿಕೆ ಆರೋಗ್ಯದ ಲಕ್ಷಣ: ಪೆಟ್ಟಿಗೆಯಲ್ಲಿದ್ದ ಚಿನ್ನ, ಕೊಟ್ಟಿಗೆಯಲ್ಲಿದ್ದ ಧಾನ್ಯದ ರೂಪದ ಉಳಿತಾಯ ಠೇವಣಿಯಾಗುತ್ತಿದೆ. 1973ರಲ್ಲಿ ಅರ್ಥಶಾಸ್ತ್ರಜ್ಞರಾದ ಎಡ್ವರ್ಡ್ ಶಾ ಮತ್ತು ರೊನಾಲ್ಡ್ ಮೆಕಿನನ್ ಬೇರೆಬೇರೆಯಾಗಿ ಮಂಡಿಸಿದ ವಿಚಾರ ಇದರ ಮೇಲೆಯೇ ನಿಂತಿದೆ. ಬಡ್ಡಿದರವನ್ನು ಬಲವಂತವಾಗಿ ಕೆಳಗೆ ಒತ್ತಿಹಿಡಿದ ದೇಶಗಳಲ್ಲಿ ಜನ ಬ್ಯಾಂಕಿನಿಂದ ದೂರ ಉಳಿದು, ಹಣಕಾಸು ವ್ಯವಸ್ಥೆ ಆಳವಾಗದೆ ಹೋಗುತ್ತದೆಂದು ಅವರು ವಾದಿಸಿದರು. ಅಲ್ಲಿಂದಾಚೆಗೆ ಈ ಅನುಪಾತವನ್ನು ಹಣಕಾಸು ವ್ಯವಸ್ಥೆಯ ಆಳದ ಸೂಚಕವೆಂದು ಬಳಸುವ ರೂಢಿ ಬೆಳೆದಿದೆ.

ಆದರೆ ಆಳವಿದ್ದಲ್ಲೆಲ್ಲ ತಿಳಿನೀರಿದೆ ಎನ್ನುವಂತಿಲ್ಲ. ಲೆಬನಾನಿನ ವಿಶಾಲ ಹಣ 2019ರ ಬಿಕ್ಕಟ್ಟಿಗೆ ಮುನ್ನ ಜಿಡಿಪಿಯ ಎರಡೂವರೆ ಪಟ್ಟಿನಷ್ಟಿತ್ತು. ಆ ಠೇವಣಿಗಳಿಗೆ ಎದುರಾಗಿ ಬ್ಯಾಂಕುಗಳು ಏನನ್ನು ಹಿಡಿದುಕೊಂಡಿದ್ದವು ಎಂದು ಲೆಕ್ಕಪುಸ್ತಕದ ಆಸ್ತಿಯ ಬದಿಯನ್ನು ತೆರೆದು ನೋಡಿದವರಿಗೆ ಕಾಣುತ್ತಿದ್ದದ್ದು ಬಹುಪಾಲು ಕೇಂದ್ರ ಬ್ಯಾಂಕಿನಲ್ಲಿಟ್ಟ ಹಣ ಮತ್ತು ತೀರಿಸಲಾಗದ ಸರ್ಕಾರಿ ಸಾಲ. ವಿದೇಶದಿಂದ ಹೊಸ ಠೇವಣಿ ಬರುವುದು ನಿಂತ ಕೂಡಲೇ ಕಟ್ಟಡ ಕುಸಿಯಿತು. ಠೇವಣಿದಾರರು ತಮ್ಮದೇ ಖಾತೆಯಿಂದ ಡಾಲರ್ ತೆಗೆಯಲಾಗದೆ ಉಳಿದರು, 1997ರಿಂದ ಡಾಲರಿಗೆ 1,507.5ರಂತೆ ಕಟ್ಟಿಹಾಕಿದ್ದ ಲೆಬನಾನಿನ ಪೌಂಡ್ ತನ್ನ ಬೆಲೆಯ ಶೇ. 98ಕ್ಕೂ ಹೆಚ್ಚನ್ನು ಕಳೆದುಕೊಂಡಿತು. ಚೀನಾದ ಬಗ್ಗೆ ನನಗೆ ಆತಂಕವಿದ್ದರೆ ಅದು ಇದೇ ಬಗೆಯದು, ಆದರೆ ತೀವ್ರತೆಯಲ್ಲಿ ಬೇರೆ. ಅಲ್ಲಿನ ಠೇವಣಿಗಳ ಎದುರಿಗೆ ಇರುವ ಸಾಲಗಳಲ್ಲಿ ಎಷ್ಟು ಪಾಲು ಮಾರಾಟವಾಗದ ಮನೆಗಳಿಗೂ ಆದಾಯವಿಲ್ಲದ ಸ್ಥಳೀಯ ಸಂಸ್ಥೆಗಳಿಗೂ ಹೋಗಿದೆ ಎಂಬುದು ಪ್ರಶ್ನೆ, ಠೇವಣಿಯ ಗಾತ್ರವಲ್ಲ. ಆ ಸಾಲಗಳು ಮುಳುಗಿದರೆ ಮೊದಲು ಬರುವುದು ಹಣದುಬ್ಬರವಲ್ಲ, ಬೇಡಿಕೆ ಕುಗ್ಗಿ ಬೆಲೆಗಳು ಇಳಿಯುವ ಸ್ಥಿತಿ.

ಇಂತಿಷ್ಟು ಹಣ ಸಾಕು ಎಂಬ ಪ್ರಮಾಣವಿದೆಯೇ ಎಂಬ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ ಇಲ್ಲ ಎಂದೇ. ಅದನ್ನು ಹುಡುಕುವ ಪ್ರಯತ್ನವೇನೋ ನಡೆದಿತ್ತು. ಅನುಪಾತ ಸ್ಥಿರವಾಗಿದ್ದರೆ ಹಣದ ಬೆಳವಣಿಗೆಯನ್ನು ನಿಯಂತ್ರಿಸಿ ಬೆಲೆಯನ್ನೂ ನಿಯಂತ್ರಿಸಬಹುದು ಎಂಬ ನಂಬಿಕೆಯಿಂದ, ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ನರ ವಾದದ ಪ್ರಭಾವದಲ್ಲಿ, 1970 ಮತ್ತು 1980ರ ದಶಕಗಳಲ್ಲಿ ಹಲವು ಕೇಂದ್ರ ಬ್ಯಾಂಕುಗಳು ಹಣದ ಬೆಳವಣಿಗೆಗೆ ಗುರಿಗಳನ್ನು ಇಟ್ಟುಕೊಂಡವು. ಅಮೆರಿಕ, ಬ್ರಿಟನ್, ಕೆನಡಾಗಳಲ್ಲಿ ಅನುಪಾತ ಹೇಳಿದ ಮಾತು ಕೇಳಲಿಲ್ಲ; ಹೊಸ ಬಗೆಯ ಖಾತೆಗಳು ಬಂದಂತೆ, ನಿಯಮಗಳು ಸಡಿಲಗೊಂಡಂತೆ ಜನ ಹಣ ಹಿಡಿಯುವ ರೀತಿಯೇ ಬದಲಾಯಿತು. ಅಮೆರಿಕದ ಎಂ2ರ ಚಲಾವಣೆಯ ವೇಗ 1997ರಲ್ಲಿ ಸುಮಾರು 2.2 ಇದ್ದದ್ದು 2020ರ ಎರಡನೆಯ ತ್ರೈಮಾಸಿಕದಲ್ಲಿ 1.1ರ ಮಟ್ಟಕ್ಕೆ ಇಳಿದದ್ದನ್ನು ನೋಡಿದರೆ ಅಂತಹ ಗುರಿಯನ್ನು ನೆಚ್ಚಿಕೊಳ್ಳುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಇಂದು ಬಹುತೇಕ ಕೇಂದ್ರ ಬ್ಯಾಂಕುಗಳು ಹಣದುಬ್ಬರಕ್ಕೇ ನೇರವಾಗಿ ಗುರಿ ಇಟ್ಟು, ಬಡ್ಡಿದರದಿಂದ ಅದನ್ನು ಹಿಡಿಯಲು ಯತ್ನಿಸುತ್ತವೆ.

ನೀವೇ ಒಂದು ದೇಶದ ಅಂಕಿಗಳನ್ನು ತೆರೆದು ನೋಡಬೇಕೆಂದಿದ್ದರೆ ವಿಶ್ವಬ್ಯಾಂಕಿನ ದತ್ತಾಂಶದಲ್ಲಿ ಈ ಅನುಪಾತ ವರ್ಷವಾರು ಸಿಗುತ್ತದೆ. ಅದರ ಪಕ್ಕದಲ್ಲಿ ಖಾಸಗಿ ವಲಯಕ್ಕೆ ಕೊಟ್ಟ ಸಾಲ ಮತ್ತು ಜಿಡಿಪಿಯ ಅನುಪಾತವನ್ನೂ, ಗ್ರಾಹಕ ಬೆಲೆಯ ಏರಿಕೆಯನ್ನೂ ಇಟ್ಟುಕೊಳ್ಳಿ. ಹಣವೂ ಸಾಲವೂ ಜೊತೆಜೊತೆಯಾಗಿ ಕೆಲವೇ ವರ್ಷಗಳಲ್ಲಿ ಜಿಡಿಪಿಯ ಮೂವತ್ತು ನಲವತ್ತು ಶೇಕಡಾ ಅಂಶಗಳಷ್ಟು ಜಿಗಿದಿದ್ದರೆ ಬ್ಯಾಂಕುಗಳ ಆಸ್ತಿಯ ಬದಿಯನ್ನು ಪರೀಕ್ಷಿಸಬೇಕು. ಬೆಲೆ ಏರುತ್ತಿರುವಾಗಲೇ ಅನುಪಾತ ಇಳಿಯುತ್ತಿದ್ದರೆ ಜನ ಆ ನಾಣ್ಯವನ್ನು ಕೈಬಿಡುತ್ತಿದ್ದಾರೆಯೇ ಎಂದು ವಿಚಾರಿಸಬೇಕು. ಹಾಂಗ್‌ಕಾಂಗ್‌ನಂತಹ ಜಾಗದಲ್ಲಿ ಶೇ. 400ಕ್ಕಿಂತ ಹೆಚ್ಚಿನ ಅಂಕಿ ಕಂಡರೆ ಗಾಬರಿ ಬೇಡ; ಅದು ಹೊರದೇಶಗಳವರ ಹಣವನ್ನೂ ಇಟ್ಟುಕೊಳ್ಳುವ ಹಣಕಾಸು ಕೇಂದ್ರ, ಅಲ್ಲಿನ ಠೇವಣಿಗಳಲ್ಲಿ ದೊಡ್ಡ ಪಾಲು ಡಾಲರ್ ಮೊದಲಾದ ಬೇರೆ ನಾಣ್ಯಗಳಲ್ಲಿದೆ, ಮತ್ತು ಛೇದದಲ್ಲಿರುವುದು ಒಂದು ನಗರದ ಜಿಡಿಪಿ ಮಾತ್ರ.